ಪಾಲಿಹೌಸ್ ಡ್ರೈಯರ್‌ಗೆ ಸೌದೆ ಹೀಟರ್: ಮೂರು ಕೊಯ್ಲು ಕಂಡ ಮೇಲೆ

2021ರ ನವೆಂಬರ್ ತಿಂಗಳನ್ನು ಮಲೆನಾಡಿನ ಅಡಿಕೆ ಬೆಳೆಗಾರರು ಅಷ್ಟು ಸುಲಭವಾಗಿ ಮರೆಯಲಾರರು. ಅಡಿಕೆಗೊನೆಯ ಕೊಯ್ಲು ಅರ್ಧಕ್ಕೆ ಬಂದಿದ್ದಾಗ ಹಿಡಿದ ಮಳೆ ಬಿಡುವ ಲಕ್ಷಣವನ್ನೇ ತೋರಿಸಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಸುಲಿದು ಬೇಯಿಸಿದ ಅಡಿಕೆ ಅಂಗಳದ ಬಿಸಿಲು ಕಾಣದೆ ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಮಲಗುವ ಕೋಣೆಗೆ ಹರಡಿಕೊಂಡು, ಕಡೆಗೆ ಎರಡು ಹಂಡೆಯಷ್ಟು ಮಾಲು ಬೂಷ್ಟು ಹಿಡಿದು ಹೋಯಿತು. ಮರುವರ್ಷದ ಬೇಸಿಗೆಯಲ್ಲಿ 20 ಅಡಿ ಅಗಲ, 40 ಅಡಿ ಉದ್ದದ ಕಮಾನಿನಾಕಾರದ ಪಾಲಿಹೌಸ್ ಡ್ರೈಯರ್ ಕಟ್ಟಿಸಿ, 200 ಮೈಕ್ರಾನ್ ದಪ್ಪದ, ಬಿಸಿಲಿಗೆ ಬೇಗ ಹಾಳಾಗದ ಯು.ವಿ. ಪಾಲಿಥಿನ್ ಶೀಟ್ ಹೊದಿಸಿದೆವು. ಬಿಸಿಲಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಅದರೊಳಗೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆದರೆ ಬಿಸಿಲಿದ್ದ ದಿನ ಅಂಗಳದಲ್ಲೂ ಅಡಿಕೆ ಒಣಗುತ್ತದೆ. ನಮಗೆ ಬೇಕಾಗಿದ್ದುದು ಮೋಡ ಮುಚ್ಚಿದ ಹಗಲಿಗೆ ಮತ್ತು ಇಬ್ಬನಿ ಸುರಿಯುವ ರಾತ್ರಿಗೆ ಒಂದು ಆಸರೆ. ಅದಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಕೊಂಡ ಸೌದೆ ಹೀಟರ್, ಅದನ್ನು ಮಾರಿದ ವರ್ಕ್‌ಶಾಪು ಮತ್ತು ಅದಕ್ಕೆ ನಾವು ಮಾಡಿಸಿಕೊಂಡ ತಿದ್ದುಪಡಿಗಳ ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಹೀಟರನ್ನು ಮಾಡಿದ್ದು ಶಿವಮೊಗ್ಗದ ಒಂದು ಫ್ಯಾಬ್ರಿಕೇಷನ್ ವರ್ಕ್‌ಶಾಪು. ಹೆಸರು ಬೇಡ, ಅವರ ಹೀಟರಿನಲ್ಲಿ ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಈ ಭಾಗದಲ್ಲಿ ಮಾರಾಟವಾಗುತ್ತಿರುವ ಇನ್ನೂ ಎರಡು ಮೂರು ಹೀಟರುಗಳಲ್ಲಿ ಹಾಗೆಯೇ ಇವೆ. ವಸ್ತು ಸರಳವಾದದ್ದು. 5 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡನ್ನು ಸುರುಳಿ ಮಾಡಿ ಬೆಸೆದ, 2 ಅಡಿ ವ್ಯಾಸ ಮತ್ತು 3 ಅಡಿ ಉದ್ದದ ಅಡ್ಡ ಮಲಗಿದ ಒಲೆ ಪಾಲಿಹೌಸಿನ ಹೊರಗೆ ಕುಳಿತಿರುತ್ತದೆ. ಅದರಿಂದ ಹೊರಟ 6 ಅಂಗುಲದ ಹೊಗೆಕೊಳವೆ ಪಾಲಿಹೌಸಿನ ಒಳಗೆ, ಅಡಿಕೆ ಹರವುವ ತಟ್ಟಿಗಳ ಕೆಳಗೆ, 30 ಅಡಿ ನೇರವಾಗಿ ಸಾಗಿ ಆ ತುದಿಯಲ್ಲಿ ಹೊರಬಿದ್ದು ಚಿಮಣಿಯಾಗುತ್ತದೆ. ಒಳಗಿನ ಗಾಳಿಯನ್ನು ಕೊಳವೆಯ ಮೇಲೆ ಹಾಯಿಸಲು ಅರ್ಧ ಎಚ್.ಪಿ. ಬ್ಲೋವರ್ ಒಂದಿದೆ. ಸಾಗಣೆ ಮತ್ತು ಜೋಡಣೆ ಸೇರಿ ನಾವು ಕೊಟ್ಟದ್ದು 78,000 ರೂಪಾಯಿ.

ಹೊಗೆ ಅಡಿಕೆಗೆ ತಾಗದೆ, ಅದರ ಬಿಸಿ ಮಾತ್ರ ತಾಗಬೇಕು ಎನ್ನುವುದು ಈ ವಿನ್ಯಾಸದ ತಿರುಳು. ಇದು ಹೊಸ ವಿಚಾರವಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹದ ಮಾಡುವ ಬ್ಯಾರನ್‌ಗಳಲ್ಲಿ ನೆಲಮಟ್ಟದ ಹೊಗೆಕೊಳವೆಗಳು ಬಹಳ ಕಾಲದಿಂದ ಇದೇ ಕೆಲಸ ಮಾಡುತ್ತಿವೆ, ಏಲಕ್ಕಿ ಒಣಗಿಸುವ ಗೂಡುಗಳಲ್ಲೂ ಇದೇ ಪದ್ಧತಿಯಿದೆ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕೊಬ್ಬರಿಗೆಂದು ರೂಪಿಸಿದ ಚಿಪ್ಪು ಉರಿಸುವ ಡ್ರೈಯರಿನಲ್ಲಿಯೂ ಹೊಗೆ ಕೊಬ್ಬರಿಗೆ ಸೋಕುವುದಿಲ್ಲ. ನಮ್ಮ ಹಿರಿಯರು ಮಳೆ ಹಿಡಿದಾಗ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಹರವುತ್ತಿದ್ದರು. ಮಾಲು ಉಳಿಯುತ್ತಿತ್ತು, ಬಣ್ಣ ಉಳಿಯುತ್ತಿರಲಿಲ್ಲ. ಚೊಗರು (ಅಡಿಕೆ ಬೇಯಿಸಿದಾಗ ಬಿಡುವ ಕೆಂಪು ರಸ) ಹಾಕಿ ಬೇಯಿಸಿ ತಂದುಕೊಂಡ ಕೆಂಪು ಬಣ್ಣಕ್ಕೆ ಹೊಗೆಯ ಮಸಿ ಕೂತರೆ ರಾಶಿ ಇಡಿ ದರ್ಜೆಯ ಅಡಿಕೆಯ ದರ ಹೇಗೆ ಇಳಿಯುತ್ತದೆಂಬುದು ಮಂಡಿಗೆ ಮೂಟೆ ಹೊತ್ತವರಿಗೆಲ್ಲ ಗೊತ್ತು.

ಮೊದಲು ಮೆಚ್ಚುಗೆಯ ಮಾತು. ಒಲೆಯ ತಗಡು ಹೇಳಿದಷ್ಟೇ ದಪ್ಪವಿದೆ, ಮೂರು ಕೊಯ್ಲು ಉರಿದರೂ ಎಲ್ಲಿಯೂ ಸೊಟ್ಟಗಾಗಿಲ್ಲ. ಬೆಸುಗೆಯ ಕೈಕೆಲಸ ಅಚ್ಚುಕಟ್ಟಾಗಿದೆ. ಒಲೆಬಾಯಿ 2 ಅಡಿ ಉದ್ದದ ಕುಂಟೆಯನ್ನು ಸೀಳದೆ ನುಂಗುವಷ್ಟು ದೊಡ್ಡದು, ರಾತ್ರಿ ಎರಡು ಗಂಟೆಗೆ ಎದ್ದು ಸೌದೆ ಹಾಕುವವನಿಗೆ ಇದರ ಬೆಲೆ ತಿಳಿಯುತ್ತದೆ. ಹೇಳಿದ ದಿನಕ್ಕೆ ಸರಿಯಾಗಿ ಪಿಕಪ್ ವಾಹನ ಅಂಗಳಕ್ಕೆ ಬಂದಿತು, ಜೋಡಣೆ ಒಂದೇ ದಿನದಲ್ಲಿ ಮುಗಿಯಿತು. ಬಂದ ಇಬ್ಬರು ಹುಡುಗರು ಹೀಟರಿಗೆ ಒಳಗೂ ಹೊರಗೂ ಎನಾಮೆಲ್ ಪೇಂಟ್ ಬಳಿದಿದ್ದರು. ಅದನ್ನು ಖಾಲಿ ಪಾಲಿಹೌಸಿನಲ್ಲಿ ಎರಡು ದಿನ ಉರಿಸಿ ವಾಸನೆ ಕಳೆದ ಮೇಲೆಯೇ ಅಡಿಕೆ ಹರವಿದ್ದು ನಮ್ಮ ಅದೃಷ್ಟ. ಅದನ್ನು ಅವರು ಹೇಳಿಕೊಟ್ಟಿರಲಿಲ್ಲ, ಮನೆಯಾಕೆಗೆ ಹೊಸ ಕಾವಲಿಯನ್ನು ಪಳಗಿಸಿ ಅಭ್ಯಾಸವಿದ್ದುದರಿಂದ ತೋಚಿತು.

ಇನ್ನು ಮೊದಲ ರಾತ್ರಿಯ ಕಥೆ. ಆರು ಕ್ವಿಂಟಲ್ ಬೇಯಿಸಿದ ಅಡಿಕೆಯನ್ನು ತಟ್ಟಿಗಳ ಮೇಲೆ ಹರವಿ, ಸಂಜೆ ಆರಕ್ಕೆ ಬೆಂಕಿ ಹಾಕಿ, ಒಂಬತ್ತು ಗಂಟೆಗೆ ಒಳಗಿನ ಥರ್ಮಾಮೀಟರ್ 52 ತೋರಿಸಿದಾಗ ನಾವೆಲ್ಲ ಹಿಗ್ಗಿದೆವು. ಬಿಸಿ ಹೊರಗೆ ಹೋಗಬಾರದೆಂದು ಬಾಗಿಲು, ಕಿಟಕಿ, ಶೀಟಿನ ಅಂಚು ಎಲ್ಲವನ್ನೂ ಬಿಗಿದೆವು, ಹಾಗೆ ಬಿಗಿಯಿರೆಂದು ವರ್ಕ್‌ಶಾಪಿನವರೇ ಹೇಳಿಹೋಗಿದ್ದರು. ಬೆಳಗಿನ ಜಾವ ಬಾಗಿಲು ತೆರೆದಾಗ ಮುಖಕ್ಕೆ ಬಡಿದದ್ದು ಬಚ್ಚಲುಮನೆಯ ಹಬೆ. ಶೀಟಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮೇಲಿನ ಸಾಲಿನ ತಟ್ಟಿಗಳಲ್ಲಿದ್ದ ಅಡಿಕೆ ಹಿಂದಿನ ಸಂಜೆಗಿಂತ ಹೆಚ್ಚು ಒದ್ದೆಯಾಗಿತ್ತು, ಕೈಯಾಡಿಸಿದರೆ ಅಂಗೈಗೆ ಲೋಳೆ ಲೋಳೆಯಾಗಿ ಚೊಗರು ಅಂಟುತ್ತಿತ್ತು. ಮೂರನೆಯ ದಿನ ತೊಟ್ಟಿನ ಭಾಗದಲ್ಲಿ ಬಿಳಿಯ ಬೂಷ್ಟು ಕಾಣಿಸಿತು. ಸುಮಾರು 90 ಕಿಲೋ ಸೌದೆ ಉರಿಸಿ ನಾವು ಮಾಡಿದ್ದು ಅಡಿಕೆಯನ್ನು ಎರಡನೆಯ ಬಾರಿ ಬೇಯಿಸುವ ಕೆಲಸ.

ಹೀಟರ್ ಮಾರುವವರು ಶಾಖವನ್ನು ಮಾರುತ್ತಾರೆ, ಒಣಗಿಸುವ ಕೆಲಸ ನಡೆಯುವುದು ಮಾತ್ರ ಗಾಳಿಯಿಂದ. ಶಾಖವು ಅಡಿಕೆಯೊಳಗಿನ ನೀರನ್ನು ಆವಿ ಮಾಡಿ ಹೊರಡಿಸುತ್ತದೆ, ಆ ಆವಿಯನ್ನು ಹೊತ್ತು ಹೊರಗೆ ಹಾಕುವ ಗಾಳಿಗೆ ದಾರಿಯಿಲ್ಲದಿದ್ದರೆ ಅದು ತಣ್ಣನೆಯ ಶೀಟಿಗೆ ತಾಗಿ ಮತ್ತೆ ನೀರಾಗಿ ಅಡಿಕೆಯ ಮೇಲೆಯೇ ಬೀಳುತ್ತದೆ. ಲೆಕ್ಕವನ್ನು ಒಮ್ಮೆ ನೋಡಿದರೆ ಸಾಕು. ನಮ್ಮಲ್ಲಿ ಮಳೆಗಾಲದ ಕೊನೆಯ ರಾತ್ರಿಯೊಂದರಲ್ಲಿ 22 ಡಿಗ್ರಿಯ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 19 ಗ್ರಾಂ ನೀರಾವಿ ಇರುತ್ತದೆ, ಇನ್ನೊಂದು ಗ್ರಾಂ ಹಿಡಿಯಲೂ ಅದಕ್ಕೆ ಜಾಗವಿರುವುದಿಲ್ಲ. 50 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 83 ಗ್ರಾಂವರೆಗೆ ಹಿಡಿಯಬಲ್ಲದು. ಅಂದರೆ ಅದೇ ಒದ್ದೆ ಗಾಳಿಯನ್ನು ಕಾಯಿಸಿದ ಮಾತ್ರಕ್ಕೆ ಅದರ ಸಾಪೇಕ್ಷ ಆರ್ದ್ರತೆ ನೂರರಿಂದ 20ರ ಆಸುಪಾಸಿಗೆ ಇಳಿದು ಅದು ಬಾಯಾರಿದ ಗಾಳಿಯಾಗುತ್ತದೆ. ಆ ಬಾಯಾರಿಕೆ ತೀರಿದ ಮೇಲೂ ಅದನ್ನು ಒಳಗೇ ಕೂಡಿಹಾಕಿದರೆ ಎಷ್ಟು ಸೌದೆ ಸುಟ್ಟರೂ ಪ್ರಯೋಜನವಿಲ್ಲ.

ಆದ್ದರಿಂದ ನಾವು ಮಾಡಿದ ಮೊದಲ ತಿದ್ದುಪಡಿ ಒಲೆಗೆ ಸಂಬಂಧಿಸಿದ್ದೇ ಅಲ್ಲ. ಒಲೆಯಿರುವ ಬದಿಯಲ್ಲಿ ನೆಲಮಟ್ಟಕ್ಕೆ ಎರಡು ಗಾಳಿಗಿಂಡಿ ಬಿಡಿಸಿ, ಎದುರು ಬದಿಯ ಕಮಾನಿನ ನೆತ್ತಿಯಲ್ಲಿ 12 ಅಂಗುಲದ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಅದನ್ನು ಇಡೀ ರಾತ್ರಿ ಓಡಿಸಿದರೆ ಬಿಸಿಯೆಲ್ಲ ಹೊರಟುಹೋಗುತ್ತದೆ; ಅಷ್ಟು ಗಾಳಿ ನಮಗೆ ಬೇಕಾಗಿಯೂ ಇಲ್ಲ. ಒಂದು ರಾತ್ರಿಯ ಪ್ರತಿ ಗಂಟೆಗೆ ಮೂರು ನಾಲ್ಕು ಕಿಲೋ ನೀರು ಹೊರಬೀಳಬೇಕು, ಒಂದು ಘನ ಮೀಟರ್ ಗಾಳಿ 25 ಗ್ರಾಂ ಹೊತ್ತೊಯ್ದರೆ ಗಂಟೆಗೆ 150 ಘನ ಮೀಟರ್ ಸಾಕು. ಈ ಫ್ಯಾನಿನ ಸಾಮರ್ಥ್ಯ ಅದರ ಹಲವು ಪಟ್ಟು. ಹಾಗಾಗಿ ಬೋರ್‌ವೆಲ್ ಪಂಪಿಗೆಂದು ತಂದು ಮೂಲೆಗಿಟ್ಟಿದ್ದ ಟೈಮರನ್ನು ಜೋಡಿಸಿ, ಮೊದಲೆರಡು ರಾತ್ರಿ ಅರ್ಧ ಗಂಟೆಗೆ ಹತ್ತು ನಿಮಿಷ, ಆಮೇಲೆ ಐದು ನಿಮಿಷ ಓಡುವಂತೆ ಮಾಡಿದೆವು.

ಯಾವಾಗ ಎಷ್ಟು ಓಡಿಸಬೇಕೆಂದು ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ಒಂದೇ ಬಗೆಯ ಎರಡು ಥರ್ಮಾಮೀಟರುಗಳನ್ನು ಅಕ್ಕಪಕ್ಕ ತೂಗುಹಾಕಿ, ಒಂದರ ಬುರುಡೆಗೆ ಹಳೆಯ ಪಂಚೆಯ ತುಂಡು ಸುತ್ತಿ, ಅದರ ಬಾಲವನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು, ಮುಂದೆ ಗಾಳಿ ಆಡುವಂತೆ ಮಾಡಿದ್ದೇವೆ. ಒಣ ಥರ್ಮಾಮೀಟರ್ 45 ತೋರಿಸುವಾಗ ಒದ್ದೆಯದು ಅದಕ್ಕಿಂತ 8 ಡಿಗ್ರಿ ಮಾತ್ರ ಕೆಳಗಿದ್ದರೆ ಒಳಗಿನ ಆರ್ದ್ರತೆ ಶೇ. 60ರ ಹತ್ತಿರವಿದೆ, ಫ್ಯಾನ್ ಹೆಚ್ಚಿಸಬೇಕು. 16 ಡಿಗ್ರಿ ಕೆಳಗಿದ್ದರೆ ಶೇ. 30ರ ಹತ್ತಿರವಿದೆ, ಫ್ಯಾನ್ ತಗ್ಗಿಸಿ ಬಿಸಿ ಉಳಿಸಿಕೊಳ್ಳಬಹುದು. ಪಂಚೆಯ ತುಂಡಿಗೆ ಚೊಗರಿನ ಕಲೆ ಹಿಡಿದು ಗಟ್ಟಿಯಾದರೆ ಲೆಕ್ಕ ತಪ್ಪುತ್ತದೆ, ವಾರಕ್ಕೊಮ್ಮೆ ಬದಲಿಸಬೇಕು. ಹೀಟರಿನ ಜೊತೆ ಬಂದ ಡಿಜಿಟಲ್ ಡಿಸ್‌ಪ್ಲೇ ಉಷ್ಣಾಂಶವನ್ನಷ್ಟೇ ತೋರಿಸುತ್ತದೆ. ಅದಕ್ಕೆ ಕೊಟ್ಟ ಹಣ ದಂಡ ಎಂದು ನನ್ನ ಅಭಿಪ್ರಾಯ.

ಎರಡನೆಯ ದೋಷ ಇದಕ್ಕಿಂತ ಗಂಭೀರವಾದದ್ದು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಒಳಗೆ ಕಾಲಿಟ್ಟಾಗ ಕಣ್ಣು ಉರಿಯಿತು. ಟಾರ್ಚ್ ಹಿಡಿದು ಕೊಳವೆಯುದ್ದಕ್ಕೂ ನೋಡುತ್ತ ಹೋದರೆ, ಒಲೆಯಿಂದ ನಾಲ್ಕು ಅಡಿ ದೂರದ ಬೆಸುಗೆಯ ಕೆಳಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದರಿಂದ ನೀಲಿ ಹೊಗೆಯ ಎಳೆಯೊಂದು ಹೊರಬಂದು ತಟ್ಟಿಯೊಳಗೆ ನುಸುಳುತ್ತಿತ್ತು. ಫೋನ್ ಮಾಡಿದಾಗ ವರ್ಕ್‌ಶಾಪಿನ ಯಜಮಾನರು, 'ಗೌಡ್ರೇ, ನೀವು ಉರಿ ಜಾಸ್ತಿ ಹಾಕಿರ್ತೀರಿ' ಎಂದರು. ಒಬ್ಬ ಹುಡುಗನನ್ನು ಕಳಿಸಿ ಬಿರುಕಿನ ಮೇಲೆ ಬೆಸುಗೆ ಹಾಕಿಸಿದರು, ಆರು ದಿನಕ್ಕೆ ಅದರ ಪಕ್ಕದಲ್ಲಿಯೇ ಮತ್ತೆ ಬಿರಿಯಿತು.

ಕಾರಣ ಉರಿಯಲ್ಲ. ಕಬ್ಬಿಣ ಕಾದರೆ ಉದ್ದವಾಗುತ್ತದೆ. 30 ಅಡಿ ಕೊಳವೆ 250 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು ಒಂದು ಅಂಗುಲ ಬೆಳೆಯುತ್ತದೆ, ಬೆಳಗ್ಗೆ ಆರಿದಾಗ ಅಷ್ಟೇ ಕುಗ್ಗುತ್ತದೆ. ಇವರು ಕೊಳವೆಯ ಒಂದು ತುದಿಯನ್ನು ಒಲೆಗೂ ಇನ್ನೊಂದು ತುದಿಯನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿದ ಚಿಮಣಿಗೂ ಬೆಸೆದು, ನಡುವಿನ ಕಾಲುಗಳಿಗೂ ಬೆಸುಗೆ ಹೊಡೆದಿದ್ದರು. ಹೋಗಲು ಜಾಗವಿಲ್ಲದ ಆ ಒಂದು ಅಂಗುಲ ಪ್ರತಿ ರಾತ್ರಿ ಬೆಸುಗೆಯನ್ನು ನೂಕುತ್ತಿತ್ತು, ಪ್ರತಿ ಬೆಳಗ್ಗೆ ಎಳೆಯುತ್ತಿತ್ತು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದ ನಮ್ಮೂರ ಕುಲುಮೆಯವರಿಗೆ ತಿಳಿದಿದ್ದ ಸಂಗತಿ ಇದು. ಕೊನೆಗೆ ನಮ್ಮ ಪೇಟೆಯ ಒಬ್ಬ ವೆಲ್ಡರ್, ಸಾಮಾನ್ಯವಾಗಿ ಟಿಲ್ಲರ್ ಟ್ರೈಲರ್ ರಿಪೇರಿ ಮಾಡುವವರು, ಕೊಳವೆಯನ್ನು ಮೂರು ತುಂಡು ಮಾಡಿ, ಒಂದರೊಳಗೊಂದು ನಾಲ್ಕು ಅಂಗುಲ ತೂರುವಂತೆ ತೋಳು ಕೂರಿಸಿ, ಸಂದಿಗೆ ಬಿಸಿ ತಡೆಯುವ ಗ್ಲಾಸ್ ಹಗ್ಗ ಸುತ್ತಿ, ಕಾಲುಗಳ ಬೆಸುಗೆ ಬಿಡಿಸಿ ಕೊಳವೆ ಜಾರುವಂತೆ ಮಾಡಿಕೊಟ್ಟರು. ಹೊಗೆ ಹೋಗುವ ದಿಕ್ಕಿನಲ್ಲಿಯೇ ತೋಳು ತೂರಿರಬೇಕು, ತಿರುಗಾ ಕೂರಿಸಿದರೆ ಸಂದಿನಲ್ಲಿ ಮಸಿ ಸೇರುತ್ತದೆ. ಎರಡು ಕೊಯ್ಲು ಕಳೆದರೂ ಆಮೇಲೆ ಬಿರುಕು ಬಂದಿಲ್ಲ.

ಇದೇ ಸಂದರ್ಭದಲ್ಲಿ ಎಚ್ಚರಿಕೆಯ ಒಂದು ಮಾತನ್ನೂ ಹೇಳಬೇಕು. ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ಕೆಂಡ ಮಾತ್ರ ಉಳಿದ ಹೊತ್ತಿನಲ್ಲಿ ಅದೇ ಬಿರುಕಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಯ ರಾತ್ರಿಯಲ್ಲಿ ಬೆಚ್ಚಗಿರುತ್ತದೆಂದು ಪಾಲಿಹೌಸಿನೊಳಗೇ ಕಂಬಳಿ ಹಾಸಿಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ನಮ್ಮಲ್ಲಿ ಅದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದ್ದೇವೆ, ಬೆಂಕಿ ನೋಡುವವರು ಹೊರಗಿನ ಮಾಡಿನಲ್ಲೇ ಮಲಗುತ್ತಾರೆ.

ಒಲೆಯ ಒಳಗಿನ ವಿಷಯಕ್ಕೆ ಬಂದರೆ, ಬಂದಾಗ ಅದಕ್ಕೆ ಜಾಲರಿ ಇರಲಿಲ್ಲ. ಸೌದೆ ನೇರವಾಗಿ ತಗಡಿನ ತಳದ ಮೇಲೆ ಕುಳಿತು, ಕೆಂಡವೆಲ್ಲ ಬೂದಿಯಲ್ಲಿ ಹೂತುಹೋಗಿ, ಗಾಳಿ ಮೇಲಿನಿಂದ ಹಾದು ಚಿಮಣಿಗೆ ಓಡುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯನ್ನು ಅಡಿಗೆಮನೆಯಲ್ಲಿ ಕಂಡ ಯಾರಿಗೂ ಇದರ ಕೊರತೆ ಕೂಡಲೇ ತಿಳಿಯುತ್ತದೆ. ಕೆಳಗೆ ಜಾಲರಿ, ಅದರ ಕೆಳಗೆ ಬೂದಿಗುಂಡಿ, ಗಾಳಿ ಬರಲು ಅಳತೆಯ ಕಿಂಡಿ, ಸೌದೆ ಹಾಕುವ ಬಾಯಿಗೆ ಮುಚ್ಚಳ, ಇಷ್ಟೇ ಅದರ ಗುಟ್ಟು. ನಾವು 20 ಮಿಲಿಮೀಟರ್ ಸರಳುಗಳನ್ನು ಅರ್ಧ ಅಂಗುಲ ಅಂತರದಲ್ಲಿಟ್ಟು ಜಾಲರಿ ಮಾಡಿಸಿದೆವು, ಬೆಸೆಯದೆ ಸುಮ್ಮನೆ ಇಟ್ಟಿದ್ದೇವೆ, ಸುಟ್ಟುಹೋದ ಸರಳನ್ನು ಮಾತ್ರ ಬದಲಿಸಿದರಾಯಿತು. ಬಾಗಿಲಿನ ಅಂಚಿಗೂ ಗ್ಲಾಸ್ ಹಗ್ಗ ಹಾಕಿಸಿ, ಗಾಳಿಯೆಲ್ಲ ಬೂದಿಗುಂಡಿಯ ಜಾರುಮುಚ್ಚಳದಿಂದಲೇ ಬರುವಂತೆ ಮಾಡಿದ ಮೇಲೆ ಉರಿ ನಮ್ಮ ಮಾತು ಕೇಳತೊಡಗಿತು. ಮುಚ್ಚಳ ಎರಡು ಬೆರಳು ತೆರೆದರೆ ಕುಂಟೆ ಮೂರು ಗಂಟೆ ಬರುತ್ತದೆ. ಇಡಿಯಾಗಿ ಮುಚ್ಚಿ ಉರಿಯನ್ನು ಉಸಿರುಗಟ್ಟಿಸಬಾರದು, ಹಾಗೆ ಮಾಡಿದರೆ ಸೌದೆ ಹೊಗೆಯಾಡಿ ಕೊಳವೆಗೆ ಟಾರಿನಂಥ ಅಂಟು ಕಟ್ಟುತ್ತದೆ.

ಒಂದೇ ನೇರ ಕೊಳವೆಯಿಂದ ಶಾಖದ ದೊಡ್ಡ ಪಾಲು ಚಿಮಣಿಯಲ್ಲಿ ಆಕಾಶಕ್ಕೆ ಹೋಗುತ್ತಿತ್ತು. ಚಿಮಣಿಯ ಬುಡದಲ್ಲಿ 300 ಡಿಗ್ರಿಗಿಂತ ಹೆಚ್ಚು ಬಿಸಿಯಿತ್ತು. ಎರಡನೆಯ ವರ್ಷ ಕೊಳವೆಯನ್ನು ಆ ತುದಿಯಲ್ಲಿ ತಿರುಗಿಸಿ ಮತ್ತೊಂದು ಸಾಲಿನಲ್ಲಿ ಒಲೆಯ ಬದಿಗೇ ಮರಳಿ ತಂದು ಹೊರಬಿಟ್ಟೆವು. ಕಾಯುವ ಮೈ ಎರಡರಷ್ಟಾಯಿತು, ಚಿಮಣಿಯ ಬುಡ 160ರ ಸುತ್ತ ನಿಂತಿತು. ಇದನ್ನು 120ಕ್ಕಿಂತ ಕೆಳಗಿಳಿಸುವ ಆಸೆ ಬೇಡ, ಹೊಗೆಯೊಳಗಿನ ನೀರು ಮತ್ತು ಟಾರು ಕೊಳವೆಯಲ್ಲಿಯೇ ಸಾಂದ್ರಗೊಂಡು ಇಳಿಯತೊಡಗುತ್ತವೆ. ದಾರಿ ಉದ್ದವಾದಷ್ಟೂ ಎಳೆತ ಕಡಿಮೆಯಾಗುವುದರಿಂದ ಚಿಮಣಿಯನ್ನು 8 ಅಡಿಯಿಂದ 18 ಅಡಿಗೆ ಏರಿಸಬೇಕಾಯಿತು, ಕೊಳವೆಗೆ ಉದ್ದಕ್ಕೂ ಸ್ವಲ್ಪ ಏರು ಕೊಡಬೇಕಾಯಿತು, ತಿರುವಿನಲ್ಲಿ ಮಸಿ ತೆಗೆಯಲು ಮುಚ್ಚಳವೊಂದನ್ನು ಇಡಬೇಕಾಯಿತು. ಒಲೆಯ ಹತ್ತಿರದ ಭಾಗಕ್ಕೆ ಅಗ್ಗವೆಂದು ಜಿ.ಐ. ಕೊಳವೆ ಹಾಕಲು ಹೋಗಬಾರದು, ಅದರ ಸತುವಿನ ಲೇಪ ಸುಮಾರು 420 ಡಿಗ್ರಿಗೆ ಕರಗುತ್ತದೆ. ಕೊಳವೆ ಪಾಲಿಥಿನ್ ಶೀಟನ್ನು ದಾಟುವ ಕಡೆ 2 ಅಡಿ ಚೌಕದ ತಗಡು ಇರಲೇಬೇಕು. ವರ್ಕ್‌ಶಾಪಿನವರು ಬಿಟ್ಟ ಅರ್ಧ ಅಡಿಯ ಅಂತರ ಸಾಲದೆ ಶೀಟ್ ಕರಗಿ, ತಟ್ಟೆಯಗಲದ ತೂತು ಬಿದ್ದು ನಾವು ಪಾಠ ಕಲಿತೆವು. ಪಾಲಿಥಿನ್ ಕರಗಲು 110 ಡಿಗ್ರಿ ಸಾಕು.

ಇಷ್ಟಾದ ಮೇಲೂ ರಾತ್ರಿ ಸೌದೆ ಹೋಗುವ ವೇಗ ನೋಡಿ ನನಗೆ ಅನುಮಾನ ಉಳಿದಿತ್ತು. ಇಂಜಿನಿಯರಿಂಗ್ ಓದಿದ ಅಣ್ಣನ ಮಗ ದೀಪಾವಳಿಗೆ ಬಂದವನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ನಮ್ಮ ಪಾಲಿಹೌಸಿನ ಹೊದಿಕೆಯ ಒಟ್ಟು ಮೈ ಸುಮಾರು 130 ಚದರ ಮೀಟರ್. ಒಂದು ಪದರದ ಶೀಟಿನ ಚದರ ಮೀಟರೊಂದರಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಸರಿಸುಮಾರು 6 ವ್ಯಾಟ್ ಶಾಖ ಸೋರುತ್ತದೆ. ಹೊರಗಿಗಿಂತ ಒಳಗೆ 25 ಡಿಗ್ರಿ ಹೆಚ್ಚು ಇಟ್ಟರೆ ಸೋರಿಕೆಯೊಂದೇ 19 ಕಿಲೋವ್ಯಾಟ್ ದಾಟುತ್ತದೆ. ಒಣಗಿದ ಸೌದೆಯ ಕಿಲೋವೊಂದಕ್ಕೆ 3,500 ಕಿಲೋಕ್ಯಾಲೊರಿ ಎಂದು ಹಿಡಿದರೆ, ಗಂಟೆಗೆ ಹೆಚ್ಚುಕಡಿಮೆ 5 ಕಿಲೋ ಸೌದೆ ಬರಿಯ ಶೀಟಿನ ಮೂಲಕ ಇಬ್ಬನಿಗೆ ದಾನ. ಇದಕ್ಕೆ ಎದುರಾಗಿ ಅಡಿಕೆಯ ನೀರನ್ನು ಆವಿ ಮಾಡಲು ನಿಜಕ್ಕೂ ಬೇಕಾದದ್ದು ಬಹಳ ಕಡಿಮೆ. ಒಂದು ಕಿಲೋ ನೀರಿಗೆ 580 ಕಿಲೋಕ್ಯಾಲೊರಿ, ಗಂಟೆಗೆ ಮೂರು ಕಿಲೋ ನೀರಾದರೆ ಅರ್ಧ ಕಿಲೋ ಸೌದೆಯ ಶಾಖ. ಹಗಲು ಬಿಸಿಲನ್ನು ಹಿಡಿಯಲು ಮಾಡಿದ ಮನೆ ರಾತ್ರಿ ಬಿಸಿಯನ್ನು ಹಿಡಿದಿಡಲಾರದು. ಹೀಟರ್ ಮಾರುವಾಗ ಈ ಮಾತನ್ನು ಯಾರೂ ಆಡುವುದಿಲ್ಲ.

ಪರಿಹಾರ ಅಗ್ಗವಾಗಿಯೇ ಸಿಕ್ಕಿತು. ತಟ್ಟಿಗಳಿಗಿಂತ ಮೂರು ಅಡಿ ಮೇಲೆ ತಂತಿ ಎಳೆದು, ಹಳೆಯ ಸಿಲ್ಪಾಲಿನ್ ಹಾಳೆಗಳನ್ನು ಪರದೆಯಂತೆ ಸಂಜೆ ಎಳೆದು ಬೆಳಗ್ಗೆ ಸರಿಸುವಂತೆ ಮಾಡಿದೆವು. ಎಕ್ಸಾಸ್ಟ್ ಫ್ಯಾನಿನ ಬದಿಯಲ್ಲಿ ಪರದೆಗೆ ಒಂದು ಗೇಣು ಸಂದು ಬಿಟ್ಟಿದ್ದೇವೆ. ಶೀಟಿನಿಂದ ತೊಟ್ಟಿಕ್ಕುವ ನೀರು ಈಗ ಪರದೆಯ ಮೇಲೆ ಬಿದ್ದು ಬದಿಗೆ ಹರಿದುಹೋಗುತ್ತದೆ, ಇದು ಎಣಿಸದೆ ಬಂದ ಲಾಭ. ಜೊತೆಗೆ ರಾತ್ರಿಯ ಗುರಿಯನ್ನೂ 50ರಿಂದ 40ಕ್ಕೆ ಇಳಿಸಿದೆವು. ಮೊದಲ ದಿನವೇ 60ರ ಹತ್ತಿರ ಕಾಯಿಸಿದರೆ ಅಡಿಕೆಯ ಮೇಲ್ಮೈ ಬೇಗ ಬಿಗಿದು ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ಮೇಲೆ ಒಣಗಿದಂತೆ ಕಂಡರೂ ಕತ್ತರಿಸಿದರೆ ನಡುವೆ ಮೆತ್ತಗಿರುತ್ತದೆ.

ಹೊರಗಿರುವ ಒಲೆಯ ಮೈಯಿಂದ ಪೋಲಾಗುತ್ತಿದ್ದ ಬಿಸಿಗೂ ದಾರಿ ತೋರಿಸಿದ್ದಾಯಿತು. ಒಲೆಯ ಸುತ್ತ ನಾಲ್ಕು ಅಂಗುಲ ಸಂದು ಬಿಟ್ಟು ಇಟ್ಟಿಗೆಯ ಗೋಡೆ ಕಟ್ಟಿ ಮೇಲೆ ಕಡಪಾ ಕಲ್ಲು ಹೊದಿಸಿ, ಪಾಲಿಹೌಸಿಗೆ ಹೋಗುವ ಗಾಳಿಯೆಲ್ಲ ಆ ಸಂದಿನಿಂದಲೇ ನೆಲಗಿಂಡಿಗೆ ಹೋಗುವಂತೆ ಮಾಡಿದ್ದೇವೆ. ಹೊರಗಿನ ಒದ್ದೆ ಗಾಳಿ ಒಳಹೊಗುವ ಮೊದಲೇ ಕಾಯುತ್ತದೆ. ಇಟ್ಟಿಗೆಯೂ ಬಿಸಿ ಹಿಡಿದಿಟ್ಟು, ಉರಿ ತಗ್ಗಿದ ಮೇಲೆ ಎರಡು ಗಂಟೆ ಕೊಡುತ್ತದೆ. ಈ ಕೆಲಸ ಆದ ಮೇಲೆ ಬ್ಲೋವರಿನ ಅಗತ್ಯವೇ ಹೆಚ್ಚಾಗಿ ಬಿದ್ದಿಲ್ಲ. ಕೊಯ್ಲಿನ ಹೊತ್ತಿನಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ, ಅರ್ಧ ಎಚ್.ಪಿ.ಯ ಮೋಟಾರನ್ನು ಮನೆಯ ಇನ್ವರ್ಟರ್ ತಡೆಯುವುದಿಲ್ಲ. ಎಕ್ಸಾಸ್ಟ್ ಫ್ಯಾನನ್ನು ತಡೆಯುತ್ತದೆ.

ಸೌದೆಯ ವಿಷಯ ಚಿಕ್ಕದು. ನಾವು ಬಳಸುವುದು ಸ್ವಂತ ಜಮೀನಿನ ಅಕೇಶಿಯಾ ಮತ್ತು ತೋಟದ ನೆರಳು ಮರಗಳ ಸವರು, ಎರಡನ್ನೂ ಹಿಂದಿನ ಬೇಸಿಗೆಯಲ್ಲೇ ಸೀಳಿ ಮಾಡಿನಡಿ ಪೇರಿಸಿಟ್ಟದ್ದು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಡಿಕೆಯ ನೀರನ್ನು ಆರಿಸಲು ಹೋಗಿ ಸೌದೆಯ ನೀರನ್ನು ಆರಿಸುವುದರಲ್ಲಿ ಅರ್ಥವಿಲ್ಲ. ಹಸಿ ಅಡಿಕೆಸಿಪ್ಪೆಯನ್ನು ಒಲೆಗೆ ತುರುಕಿ ನೋಡಿದ್ದೇವೆ, ಬರೀ ಹೊಗೆ. ಅದು ತೋಟದ ಬುಡಕ್ಕೇ ಸರಿ.

ಫಲಿತಾಂಶವನ್ನು ಹೇಳುವುದಾದರೆ, 2023 ಬರದ ವರ್ಷವಾದ್ದರಿಂದ ಆ ಕೊಯ್ಲಿನಲ್ಲಿ ಹೀಟರಿಗೆ ಹೆಚ್ಚು ಕೆಲಸವಿರಲಿಲ್ಲ, ನಿಜವಾದ ಪರೀಕ್ಷೆ ನಡೆದದ್ದು 2024ರ ಅಕ್ಟೋಬರ್ ಮಳೆಯಲ್ಲಿ. ಬಿಸಿಲು ಕಾಣದ ಐದು ಹಗಲು, ಐದು ರಾತ್ರಿಗಳಲ್ಲಿ ಆರು ಕ್ವಿಂಟಲ್ ಬೇಯಿಸಿದ ಅಡಿಕೆ ಒಣಗಿ ಮೂರು ಕ್ವಿಂಟಲಿಗೆ ಸ್ವಲ್ಪ ಕಡಿಮೆ ಬಂತು. ಹಿಡಿಯಲ್ಲಿ ಎತ್ತಿ ತಟ್ಟಿಯ ಮೇಲೆ ಸುರಿದರೆ ಗಲಗಲ ಎನ್ನುತ್ತಿತ್ತು, ಬಣ್ಣದಲ್ಲಿ ಬಿಸಿಲಿನ ಮಾಲಿಗೂ ಇದಕ್ಕೂ ವ್ಯತ್ಯಾಸ ಹುಡುಕಲು ಮಂಡಿಯವರಿಗೂ ಆಗಲಿಲ್ಲ. ಒಂದು ರಾತ್ರಿಗೆ 90 ಕಿಲೋ ಹೋಗುತ್ತಿದ್ದ ಸೌದೆ 50ರಿಂದ 55ಕ್ಕೆ ಇಳಿದಿದೆ. ತಿದ್ದುಪಡಿಗಳಿಗೆ ಎರಡು ವರ್ಷಗಳಲ್ಲಿ ಸೇರಿ 31,000 ರೂಪಾಯಿ ಖರ್ಚಾಗಿದೆ, ಅದರಲ್ಲಿ ದೊಡ್ಡ ಪಾಲು ಎರಡನೆಯ ಸಾಲಿನ ಕೊಳವೆ ಮತ್ತು ಚಿಮಣಿಯದು.

ವರ್ಕ್‌ಶಾಪಿನ ಸೇವೆಯ ಬಗ್ಗೆ ನನ್ನ ತೀರ್ಮಾನ ಹೀಗಿದೆ. ಕರೆದರೆ ಬರುತ್ತಾರೆ, ಮಾತು ಮರ್ಯಾದೆಯಾಗಿದೆ, ಬೆಸುಗೆ ಬಲ್ಲರು. ಅಡಿಕೆ ಹೇಗೆ ಒಣಗುತ್ತದೆಂಬುದನ್ನು ಬಲ್ಲವರು ಅಲ್ಲಿ ಯಾರೂ ಇಲ್ಲ, ತಪ್ಪು ತಮ್ಮ ವಿನ್ಯಾಸದ್ದಾಗಿರಬಹುದೆಂದು ಒಪ್ಪುವ ಮನಸ್ಸೂ ಇಲ್ಲ. ಒಂದು ವರ್ಷದ ವಾರಂಟಿ ಕಾಗದದಲ್ಲಿ 'ಅತಿಯಾದ ಉರಿಯಿಂದಾಗುವ ಹಾನಿಗೆ ಅನ್ವಯಿಸುವುದಿಲ್ಲ' ಎಂಬ ಸಾಲಿದೆ. ಹೀಟರಿಗೆ ಉರಿಯೇ ಹೊಂದುವುದಿಲ್ಲವೆಂದರೆ ಆ ವಾರಂಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು. ಹೊಸದಾಗಿ ಕೊಳ್ಳುವವರು ಅಲ್ಲಿಂದ ಒಲೆಯನ್ನಷ್ಟೇ ಕೊಂಡು, ಕೊಳವೆ ಮತ್ತು ಚಿಮಣಿಯನ್ನು ತಮ್ಮೂರಿನ ವೆಲ್ಡರಿನಿಂದ ಎದುರು ನಿಂತು ಮಾಡಿಸಿಕೊಳ್ಳುವುದು ಒಳ್ಳೆಯದು. ಮುಂಗಡ ಕೊಡುವ ಮೊದಲು ಜಾಲರಿ ಇದೆಯೇ, ಕೊಳವೆ ಹಿಗ್ಗಲು ಜಾಗ ಎಲ್ಲಿದೆ, ಒದ್ದೆ ಗಾಳಿ ಎಲ್ಲಿಂದ ಹೊರಹೋಗುತ್ತದೆ ಎಂದು ಕೇಳಬೇಕು. ಮೂರನೆಯ ಪ್ರಶ್ನೆಗೆ 'ಎಲ್ಲಾ ಪ್ಯಾಕ್ ಮಾಡ್ಕೊಡ್ತೀವಿ, ಗಾಳಿ ಹೋಗಲ್ಲ' ಎಂಬ ಉತ್ತರ ಬಂದರೆ ಎದ್ದು ಬರಬಹುದು. ಒಂದೆರಡು ಎಕರೆಯವರಿಗೆ, ಬಿಸಿಲು ಬೀಳುವ ಅಂಗಳವಿದ್ದವರಿಗೆ ಈ ಖರ್ಚು ಹೊರೆ. ಅಂಥವರು ನಾಲ್ಕು ಮನೆ ಸೇರಿ ಒಂದು ಮಾಡಿಕೊಳ್ಳಬಹುದು. ಅಡಿಕೆ ಮುಗಿದ ಮೇಲೆ ಕಾಳುಮೆಣಸಿಗೂ ಇದು ಆಗುತ್ತದೆ, ಆಗ ಉಷ್ಣಾಂಶ 55 ದಾಟದಂತೆ ನೋಡಿಕೊಳ್ಳಬೇಕು.

ಇನ್ನೂ ಒಂದು ಕೊರತೆ ಉಳಿದಿದೆ. ಎಕ್ಸಾಸ್ಟ್ ಫ್ಯಾನಿನ ಎಡಮೂಲೆಯ ಎರಡು ತಟ್ಟಿಗಳು ಉಳಿದವಕ್ಕಿಂತ ಒಂದು ದಿನ ತಡವಾಗಿ ಒಣಗುತ್ತವೆ. ಊದಿನಕಡ್ಡಿ ಹಚ್ಚಿ ಹಿಡಿದು ನೋಡಿದಾಗ ಅದರ ಹೊಗೆ ಆ ಮೂಲೆಯಲ್ಲಿ ಅಲುಗದೆ ನಿಂತುಬಿಡುತ್ತದೆ. ಈ ಸಲದ ಕೊಯ್ಲಿಗೆ ಮುಂಚೆ ಆ ಬದಿಯ ನೆಲದಲ್ಲಿ ಮೂರನೆಯ ಗಾಳಿಗಿಂಡಿಯನ್ನು ಬಿಡಿಸಬೇಕೆಂದಿದ್ದೇವೆ. ಅಲ್ಲಿಯವರೆಗೆ ಆ ಎರಡು ತಟ್ಟಿಗಳನ್ನು ದಿನಕ್ಕೊಮ್ಮೆ ನಡುವಿನವುಗಳ ಜೊತೆ ಅದಲುಬದಲು ಮಾಡುತ್ತಿದ್ದೇವೆ.